ಕಂಪ್ಯೂಟರಿನ ಬಾಯಿಗೆ ಹತ್ತಿ

ಗದ್ದಲ ತಡೆಯಲಾರದವರು ತಮ್ಮ ಕಿವಿಗೆ ಹತ್ತಿ ಇಟ್ಟುಕೊಳ್ಳುವುದನ್ನು ನೀವು ನೋಡಿರುತ್ತೀರಿ. ಕಂಪ್ಯೂಟರಿನ ಬಾಯಿಗೆ ಹತ್ತಿ ತುರುಕಿದವರನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ಅವನು ನನ್ನ ಸೋದರಮಾವ! ಕೊಟ್ಟೂರಿನಲ್ಲಿ ಆ ಕೆಲಸ ಮಾಡಿದವನು ಅವನೊಬ್ಬನೇ. ಕೂಡ್ಲಿಗಿ, ಹರಪನಹಳ್ಳಿ ಸೇರಿಸಿಕೊಂಡು ಹುಡುಕಿದರೂ ಇನ್ನೊಬ್ಬ ಸಿಗಲಿಕ್ಕಿಲ್ಲ. ಅದೂ ಎಂಥ ಹತ್ತಿ! ಅತ್ತೆ ದೀಪದ ಬತ್ತಿಗೆಂದು ಕಸ ತೆಗೆದು ಬಿಡಿಸಿಟ್ಟಿದ್ದ, ಹಾಲಿನಂಥ ಹತ್ತಿ. ದೇವರಿಗೆ ಸಲ್ಲಬೇಕಾದದ್ದು ಸ್ಪೀಕರಿಗೆ ಸಂದಿತು.

ಮಾವನನ್ನು ಹೊಸದಾಗಿ ಕಂಡವರು ಅವನನ್ನು ಪೈಲ್ವಾನನೆಂದೇ ತಿಳಿಯುತ್ತಾರೆ. ಆರಡಿ ಎತ್ತರ, ಬಾಗಿಲಲ್ಲಿ ನಿಂತರೆ ಒಳಗೆ ಕತ್ತಲಾಗುವಷ್ಟು ಅಗಲ, ಹಣೆ ತುಂಬ ವಿಭೂತಿ, ತುದಿ ಹುರಿ ಮಾಡಿದ ಮೀಸೆ. ಎದುರಿಗೆ ಬಂದರೆ ಬೀದಿನಾಯಿಗಳೂ ದಾರಿ ಬಿಡುತ್ತವೆ. ಪಾಪ, ಅವಕ್ಕೇನು ಗೊತ್ತು? ಅವು ಬಿಡುವ ಮೊದಲೇ ಮಾವ ದಾರಿ ಬಿಟ್ಟಾಗಿರುತ್ತದೆ! ಅವನದು ಹುಣಸೆಹಣ್ಣಿನ ವ್ಯಾಪಾರ. ಕೂಡ್ಲಿಗಿ, ಹೊಸಹಳ್ಳಿಯ ಕಡೆಗೆಲ್ಲ ತಿರುಗಿ ಮರದಲ್ಲಿರುವಾಗಲೇ ಫಸಲು ಹಿಡಿಯುತ್ತಾನೆ. ಆದರೆ ಮರದ ಕೆಳಗೆ ನಿಲ್ಲುವುದಿಲ್ಲ. ಕೊಂಬೆ ಮುರಿದು ಬಿದ್ದರೆ? ಹಾಗಾಗಿ ಹುಣಸೆಮರವನ್ನು ರಸ್ತೆಯ ಆಚೆ ಬದಿಗೆ ನಿಂತು ಕಣ್ಣಲ್ಲೇ ತೂಗುವ ಏಕಮಾತ್ರ ವ್ಯಾಪಾರಿ ಎಂದು ಹೆಸರು ಪಡೆದಿದ್ದಾನೆ.

ಮಿಂಚು, ಲಿಫ್ಟು, ಗ್ಯಾಸ್ ಸಿಲಿಂಡರು, ಬಸ್ಸಿನ ಹಿಂದಿನ ಸೀಟು, ಇವೆಲ್ಲ ಇರಲಿ. ಮಾವನಿಗೆ ಕಾಗದ ಓದುವುದೆಂದರೂ ಭಯ. ಯಾವ ಕಚೇರಿಯಿಂದ ಏನೇ ಬರಲಿ, ಲಕೋಟೆ ಒಡೆಯದೆ ಬೀರುವಿನೊಳಗೆ ಇಟ್ಟು ಕೀಲಿ ಹಾಕುತ್ತಿದ್ದ.

"ಓದಬೇಕಲ್ಲ ಮಾವಾ?" ಎಂದರೆ, "ಓದಿದ್ರಲ್ಲೇನು ತ್ರಾಸು ಐತಿ ಅನ್ನೋದು ಗೊತ್ತಾಗೋದು? ಓದ್ಲಿಲ್ಲಂದ್ರ ತ್ರಾಸೇ ಇಲ್ಲ!" ಎನ್ನುತ್ತಿದ್ದ. ಎಂಥ ವೇದಾಂತ ನೋಡಿ!

ಹೆದರುವವರು ಮೆಲ್ಲಗೆ ಮಾತಾಡುತ್ತಾರೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮಾವನ ಆಕಳಿಕೆ ಬಸ್‌ಸ್ಟ್ಯಾಂಡಿಗೆ ಕೇಳಿಸುತ್ತಿತ್ತು.

ಇನ್ನು ನನ್ನ ವಿಷಯ. ನಾನು ಅವನ ಅಕ್ಕನ ಮಗಳು. ನನ್ನ ಮನೆ ಅವನ ಮನೆಯಿಂದ ಎರಡು ಬಾಗಿಲು ಆಚೆ, ಓಣಿಯ ಒಳಗೆ. ಮಾವನ ಮನೆಯ ಮುಂಗೋಣೆ ರಸ್ತೆಗೆ ತೆರೆದುಕೊಂಡಿದೆಯೆಂದು ಅಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡು, ಜಾತಿ ಪ್ರಮಾಣಪತ್ರ, ಪಹಣಿ, ಪರೀಕ್ಷೆಯ ಅರ್ಜಿ ಎಂದು ಜನರಿಗೆ ತುಂಬಿಕೊಡುತ್ತೇನೆ. ಕಂಪ್ಯೂಟರು ಹರಪನಹಳ್ಳಿಯ ಒಂದು ಕಚೇರಿಯಲ್ಲಿ ಸೇವೆ ಸಲ್ಲಿಸಿ ನಿವೃತ್ತವಾದದ್ದು. ಹಳೆಯದಾದ್ದರಿಂದ ಏಳುವುದು ನಿಧಾನ, ಎದ್ದಮೇಲೆ ಗದ್ದಲ ಜಾಸ್ತಿ. ಬಟನ್ ಒತ್ತಿದ ತಕ್ಷಣ ಡಬ್ಬಿಯ ಹೊಟ್ಟೆಯಿಂದ "ಪೀಂ" ಎಂದು ಒಂದು ಚೀರು. ಆಮೇಲೆ ಎರಡು ನಿಮಿಷ ಗೊರಗೊರ. ಆಮೇಲೆ ಪಕ್ಕದ ಸ್ಪೀಕರುಗಳಿಂದ, ಯಾವುದೋ ಮಹಾರಾಜರು ಸಭೆಗೆ ಬಂದರೆನ್ನುವಂತೆ, "ಢಣ್ ಢಢಾಣ್!" ಮೂರು ವರ್ಷ ಈ ವೈಭವ ನಡೆದಿತ್ತು. ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಆಗ ಮನೆಗೆ ಕೂಸು ಬಂತು.

ಮಾವನಿಗೆ ಒಬ್ಬಳೇ ಮಗಳು. ಹಡಗಲಿಗೆ ಕೊಟ್ಟಿದ್ದಾರೆ. ಅಳಿಯನದು ಮಲ್ಲಿಗೆ ತೋಟ. ಅವಳು ಚೊಚ್ಚಲ ಬಾಣಂತನಕ್ಕೆಂದು ಬಂದವಳು, ಏಳು ತಿಂಗಳಿಗೇ ನೋವು ಶುರುವಾಗಿ, ದಾವಣಗೆರೆಯ ಆಸ್ಪತ್ರೆಯಲ್ಲಿ ಹೆಣ್ಣುಮಗುವನ್ನು ಹೆತ್ತಳು. ಮಗು ಒಂದು ಅಂಗೈಯಲ್ಲಿ ಹಿಡಿಸುವಷ್ಟಿತ್ತು. ಒಂದು ತಿಂಗಳು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಆ ತಿಂಗಳು ಪೂರ್ತಿ ಮಾವ ಆಸ್ಪತ್ರೆಯ ಎದುರಿನ ಬೇವಿನ ಮರದ ಕೆಳಗೆ ಕೂತಿದ್ದ. ಮರದ ಕೆಳಗೆ! ಒಳಗೆ ಹೋಗಿ ನೋಡು ಎಂದರೆ, "ನಾ ನೋಡಿದ್ರ ದೃಷ್ಟಿ ತಾಕೀತು" ಎನ್ನುತ್ತಿದ್ದ. ದೃಷ್ಟಿಯಲ್ಲ, ಅವನಿಗೆ ನೋಡುವ ಧೈರ್ಯವಿರಲಿಲ್ಲ. ಅದು ನಮಗೆಲ್ಲ ಗೊತ್ತಿತ್ತು, ನಮಗೂ ಇರಲಿಲ್ಲ.

ಮನೆಗೆ ಕಳಿಸುವಾಗ ಡಾಕ್ಟರು ಹತ್ತು ಮಾತು ಹೇಳಿದರು. ಕೈ ತೊಳೆದು ಮುಟ್ಟಿ, ಜನ ಸೇರಿಸಬೇಡಿ, ಬೆಚ್ಚಗಿಡಿ, ಮಗು ಬೆಚ್ಚಿ ಬೀಳದ ಹಾಗೆ ನೋಡಿಕೊಳ್ಳಿ, ಇತ್ಯಾದಿ. ಒಂದು ಉದ್ದನೆಯ ಕಾಗದವನ್ನೂ ಕೊಟ್ಟರು. ಕಾಗದ ಮಾವನ ಬೀರು ಸೇರಿತು. ಹತ್ತು ಮಾತಿನಲ್ಲಿ ಒಂದೇ ಮಾತು ಅವನ ತಲೆಯಲ್ಲಿ ಉಳಿಯಿತು: ಬೆಚ್ಚಿ ಬೀಳಬಾರದು!

ತೊಟ್ಟಿಲನ್ನು ನಡುಮನೆಯಲ್ಲಿ ಕಟ್ಟಿದರು. ನಡುಮನೆಗೂ ನನ್ನ ಮುಂಗೋಣೆಗೂ ನಡುವೆ ಒಂದೇ ಬಾಗಿಲು. ಮರುದಿನ ಬೆಳಿಗ್ಗೆ ನಾನು ಎಂದಿನಂತೆ ಬಂದು ಬಟನ್ ಒತ್ತಿದೆ. ಪೀಂ! ಗೊರಗೊರ... ಢಣ್ ಢಢಾಣ್!

ಬಾಗಿಲು ದಡಾರನೆ ತೆರೆಯಿತು. ಮಾವ ಅರ್ಧ ಹಚ್ಚಿಕೊಂಡ ವಿಭೂತಿಯಲ್ಲಿ ನಿಂತಿದ್ದ. ಮುಖದಲ್ಲಿ ರಕ್ತವೇ ಇರಲಿಲ್ಲ.

"ಏನವ್ವಾ ಅದು! ಏನ್ ಸಿಡೀತು!"

"ಏನೂ ಇಲ್ಲ ಮಾವಾ, ಕಂಪ್ಯೂಟರು. ದಿನಾ ಆಗೋದ ಅಲ್ಲೇನು?"

"ದಿನಾ ಆಗೋದಾ? ದಿನಾ ಕೂಸಿತ್ತೇನು ಮನ್ಯಾಗ!" ಎಂದವನೇ ಓಡಿಹೋಗಿ ಮನೆಯ ಮೇನ್ ಸ್ವಿಚ್ಚನ್ನೇ ಇಳಿಸಿಬಿಟ್ಟ. ಅತ್ತೆಯ ಮಿಕ್ಸಿಯಲ್ಲಿ ಚಟ್ನಿ ಅರ್ಧಕ್ಕೆ ನಿಂತಿತು. ಅವಳು ಒಳಗಿನಿಂದ, "ಕರೆಂಟ್ ಹೋಗ್ಯಾವ?" ಎಂದಳು. "ಹೋಗಿಲ್ಲ, ನಾ ಕಳಿಸೀನಿ!" ಎಂದು ಮಾವ ಕಿರುಚಿದ. ಆ ಕಿರುಚಾಟ ಕಂಪ್ಯೂಟರಿನದಕ್ಕಿಂತ ನಾಲ್ಕು ಪಟ್ಟು ಜೋರಾಗಿತ್ತು. ಅದು ಅವನಿಗೇ ಕೇಳಿಸಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡ. ಅಂದಿನಿಂದ ಮಾವನ ದನಿ ಅಡಗಿತು. ನಲವತ್ತು ವರ್ಷ ಊರಿಗೆಲ್ಲ ಕೇಳಿಸುವಂತೆ ಮಾತಾಡಿದವನು ಪಿಸುಮಾತಿಗೆ ಇಳಿದ. ಪಿಸುಮಾತಿನಲ್ಲಿ ಹುಣಸೆಹಣ್ಣಿನ ವ್ಯಾಪಾರ ಮಾಡುವುದನ್ನು ಕಲ್ಪಿಸಿಕೊಳ್ಳಿ! ಇವನು ದರವನ್ನು ಯಾಕೆ ಗುಟ್ಟು ಮಾಡುತ್ತಾನೆ ಎಂದು ವ್ಯಾಪಾರಿಗಳು ಕಂಗಾಲಾದರು.

ಶಾಸನಗಳು ಒಂದರ ಹಿಂದೊಂದು ಹೊರಬಿದ್ದವು. ಕುಕ್ಕರು ಅಟ್ಟ ಸೇರಿತು. ಗೇಟಿನ ಕೀಲಿಗೆ ಶೇಂಗಾ ಎಣ್ಣೆ ಬಿಟ್ಟೂ ಬಿಟ್ಟೂ ಇರುವೆ ಹತ್ತಿದವು. ಆದರೆ ಇರುವೆಗಳು ಸದ್ದು ಮಾಡುವುದಿಲ್ಲವಾದ್ದರಿಂದ ಅವಕ್ಕೆ ಅನುಮತಿ ಸಿಕ್ಕಿತು. ಕರುವಿನ ಕೊರಳ ಗೆಜ್ಜೆ ಬಿಚ್ಚಿಸಿದ. ತರಕಾರಿ ಮಾರುವವಳಿಗೆ ಕೂಗಬೇಡ, ಕೈಸನ್ನೆಯಲ್ಲಿ ಹೇಳು ಎಂದ. ಅವಳು ಬದನೆಕಾಯಿಯನ್ನೇನೋ ತೋರಿಸಿದಳು. ಮೆಂತ್ಯ ಸೊಪ್ಪು ಯಾವುದು, ರಾಜಗಿರಿ ಸೊಪ್ಪು ಯಾವುದು ಎಂದು ಸನ್ನೆಯಲ್ಲಿ ಹೇಳುವುದು ಹೇಗೆ? ಎರಡು ದಿನ ಕೈಬಾಯಿ ತಿರುಗಿಸಿ, ಮೂರನೆಯ ದಿನ ಓಣಿಯನ್ನೇ ಬಿಟ್ಟಳು.

ಉಳಿದದ್ದು ನನ್ನ ಕಂಪ್ಯೂಟರು.

"ಸ್ಪೀಕರ್ ಬಂದ್ ಮಾಡಿದ್ರ ಆತಲ್ಲ ಮಾವಾ" ಎಂದು ಹೇಳುವಷ್ಟರಲ್ಲಿ ಅವನು ಅತ್ತೆಯ ಹತ್ತಿಯನ್ನು ಎರಡೂ ಸ್ಪೀಕರಿಗೆ ತುಂಬಿಯಾಗಿತ್ತು. ಕಡ್ಡಿಯಿಂದ ಒತ್ತಿ ಒತ್ತಿ! ಅದರ ಮೇಲೆ ಕಂಬಳಿ ಹೊದಿಸಿದ. ನಾನು ಅವನ ಸಮಾಧಾನಕ್ಕೆ ವಾಲ್ಯೂಮನ್ನು ಸೊನ್ನೆಗೆ ತಂದು, ಸ್ಪೀಕರಿನ ವೈರನ್ನೇ ಕಿತ್ತೆ. "ನೋಡು, ಇನ್ನ ಇದು ಮೂಕ" ಎಂದು ಬಟನ್ ಒತ್ತಿದೆ.

ಪೀಂ!

ಮಾವ ಎರಡು ಹೆಜ್ಜೆ ಹಿಂದೆ ಸರಿದ. "ತಲಿ ಕಡಿದ್ರೂ ಒದರತೈತಲ್ಲವ್ವಾ ಇದು!"

ನನಗೂ ಅದನ್ನು ಹೇಗೆ ಮುಚ್ಚುವುದೆಂದು ತಿಳಿಯಲಿಲ್ಲ. ಆ ಚೀರು ಸ್ಪೀಕರಿನದಲ್ಲ, ಡಬ್ಬಿಯ ಒಳಗಿನದು. ಮಾವ ಡಬ್ಬಿಯನ್ನು ಅಕ್ಕಿಯ ಡ್ರಮ್ಮಿಗೆ ಇಳಿಸಿ ಮೇಲೆ ದಿಂಬು ಒತ್ತಿದ. ಅರ್ಧ ತಾಸಿನಲ್ಲಿ ಸುಟ್ಟ ವಾಸನೆ ಬಂತು. ಬೆಂಕಿ ಎಂದರೆ ಮಾವನಿಗೆ ಇನ್ನೂ ದೊಡ್ಡ ಭಯ! ಒಂದು ಕೈಯಲ್ಲಿ ನೀರಿನ ಕೊಡ ಹಿಡಿದು, ಇನ್ನೊಂದು ಕೈಯಲ್ಲಿ "ಸಪ್ಳ ಮಾಡಬ್ಯಾಡ್ರಿ" ಎಂದು ಎಲ್ಲರಿಗೂ ಸನ್ನೆ ಮಾಡುತ್ತ, ತುದಿಗಾಲಲ್ಲಿ ಓಡಿ ಬಂದ. ಇಡೀ ಜಿಲ್ಲೆಯಲ್ಲಿ ಇಷ್ಟು ಮೌನವಾಗಿ ಯಾರೂ ಬೆಂಕಿ ಆರಿಸಲು ಹೊರಟಿರಲಿಕ್ಕಿಲ್ಲ. ಪುಣ್ಯಕ್ಕೆ ದಿಂಬಿನ ಅಂಚು ಕಂದಿತ್ತು, ಅಷ್ಟೇ.

ಕೊನೆಗೆ ಹಗರಿಬೊಮ್ಮನಹಳ್ಳಿಯ ಇಮಾಮ್ ಸಾಬರ ಬಳಿಗೆ ಹೋಗುವುದೆಂದಾಯಿತು. ಇಮಾಮ್ ಸಾಬರು ಪಂಪ್‌ಸೆಟ್ಟಿನಿಂದ ಹಿಡಿದು ಕಂಪ್ಯೂಟರಿನವರೆಗೆ ಏನನ್ನಾದರೂ ಬಿಚ್ಚುವವರು. ಬಿಚ್ಚಿದ್ದನ್ನು ಮತ್ತೆ ಜೋಡಿಸುವವರು ಎಂಬುದು ಅವರ ಹೆಚ್ಚುಗಾರಿಕೆ. ನಾನೂ ಮಾವನೂ ಬಸ್ಸು ಹತ್ತಿದೆವು. ಕಂಬಳಿ ಸುತ್ತಿದ ಡಬ್ಬಿ ಮಾವನ ತೊಡೆಯ ಮೇಲೆ. ಪಕ್ಕದ ಸೀಟಿನ ಮುದುಕಿ ಬಹಳ ಹೊತ್ತು ನೋಡಿ, "ಯಾರ್ ಕೂಸಪ್ಪಾ? ಹುಷಾರಿಲ್ಲೇನು?" ಎಂದು ಕಂಬಳಿಯ ತುದಿ ಸರಿಸಿದಳು. "ಅಯ್ಯ ಶಿವನೇ, ತಗಡಿನ ಡಬ್ಬಿ!"

"ಮೆಲ್ಲಕ ಮಾತಾಡ್ರಿ ಅಮ್ಮಾ, ಎದ್ದೀತು!" ಎಂದ ಮಾವ. ಅಭ್ಯಾಸಬಲ! ಮುದುಕಿ ಎದ್ದು ಮುಂದಿನ ಸೀಟಿಗೆ ಹೋದಳು.

ಇಮಾಮ್ ಸಾಬರು ಡಬ್ಬಿ ಬಿಚ್ಚಿ, ಅಂಗಿಯ ಗುಂಡಿಯಷ್ಟು ದೊಡ್ಡದಾದ ಒಂದು ಕರಿಯ ಬಿಲ್ಲೆಯನ್ನು ಇಕ್ಕಳದಲ್ಲಿ ಹಿಡಿದು ತೋರಿಸಿದರು. "ಇಷ್ಟ ನೋಡ್ರಿ ಯಜಮಾನ್ರ, ನಿಮ್ಮ ದೆವ್ವ."

"ಕಿತ್ತು ಬಿಡ್ರಿ" ಎಂದ ಮಾವ.

"ಕೀಳಾಕ ಏನೈತ್ರಿ? ಆದ್ರ ಒಂದ್ ಮಾತು ಕೇಳ್ರಿ. ಒಳಗ ಏನರ ಕೆಟ್ರ ಇದು ಒದರಿ ಹೇಳತೈತಿ. ಒಂದ್ ಸಲ ಒದರಿದ್ರ ಎಲ್ಲಾ ಚಲೋ ಐತಿ ಅಂತ. ಮೂರ್ ಸಲ ಒದರಿದ್ರ ಏನೋ ತೊಂದ್ರಿ ಅಂತ. ಇದನ್ನ ಕಿತ್ತಿದ್ರ ಚಲೋ ಐತೋ ಕೆಟ್ಟೈತೋ, ನಿಮಗ ಗೊತ್ತಾಗೂದಿಲ್ಲ ನೋಡ್ರಿ."

"ಗೊತ್ತಾಗೂದು ಬ್ಯಾಡ" ಎಂದ ಮಾವ.

ಬಿಲ್ಲೆ ಕಿತ್ತು ಬಂತು. ಆ ಸಂಜೆ ಕೊಟ್ಟೂರಿನಲ್ಲಿ ಬಟನ್ ಒತ್ತಿದಾಗ ಕಂಪ್ಯೂಟರು ಮೆಲ್ಲಗೆ ಗೊರಗುಟ್ಟಿತೇ ಹೊರತು ಒಂದು ಚೂರೂ ಚೀರಲಿಲ್ಲ. ಮಾವ ಎರಡೂ ಕೈ ಜೋಡಿಸಿ ಅದಕ್ಕೆ ನಮಸ್ಕಾರ ಮಾಡಿದ. ತೊಟ್ಟಿಲಲ್ಲಿ ಕೂಸು ನಿದ್ದೆ ಮಾಡುತ್ತಿತ್ತು. ಎಂಥ ನಿದ್ದೆ! ಹಾಲು ಕುಡಿಯುವುದು, ಮಲಗುವುದು. ಒಂದು ದಿನ ಬೆಚ್ಚಿದ್ದಿಲ್ಲ, ಕಿಟಾರನೆ ಕಿರುಚಿದ್ದಿಲ್ಲ. ಹೀಗೆ ಎರಡು ತಿಂಗಳು. ಕೂಸಿನ ಕೆನ್ನೆ ತುಂಬಿತು. ನಮ್ಮ ಕಟ್ಟುನಿಟ್ಟಿಗೆ ನಾವೇ ಬೆನ್ನು ತಟ್ಟಿಕೊಂಡೆವು.

ಒಂದು ಶನಿವಾರ ಬೆಳಿಗ್ಗೆ ನರ್ಸಮ್ಮ ಬಂದಳು. ಮನೆಮನೆಗೆ ಬಂದು ಕೂಸುಗಳ ತೂಕ ನೋಡಿ, ಲಸಿಕೆಯ ದಿನ ನೆನಪಿಸಿ ಹೋಗುವವಳು. ತೂಕ ನೋಡಿ ಸಂತೋಷಪಟ್ಟಳು. ಪುಸ್ತಕದಲ್ಲಿ ಬರೆದುಕೊಳ್ಳುತ್ತ ಕೇಳಿದಳು:

"ಸಪ್ಳ ಆದ್ರ ಕೂಸು ಬೆಚ್ಚತೈತೇನ್ರಿ?"

ಮಾವ ಎದೆ ಉಬ್ಬಿಸಿ, ಪಿಸುದನಿಯಲ್ಲೇ, "ಏ, ಇಲ್ರಿ! ಒಂದ್ ದಿನಾನೂ ಬೆಚ್ಚಿಲ್ಲ! ನಾವು ಬೆಚ್ಚಾಕ ಬಿಟ್ರಲ್ಲೇನು?" ಎಂದ.

ನರ್ಸಮ್ಮನ ಪೆನ್ನು ನಿಂತಿತು. "ಒಂದ್ ಸಲಾನೂ ಇಲ್ಲೇನ್ರಿ? ಬಾಗಲಾ ಬಡದಾಗ? ಪಾತ್ರಿ ಬಿದ್ದಾಗ?"

"ಬೀಳಾಕ ಬಿಟ್ಟಿಲ್ರಿ."

"ಹಂಗಂದ್ರ ಕೂಸಿಗೆ ಕಿವಿ ಕೇಳತೈತಿ ಅಂತ ನಿಮಗ ಹೆಂಗ ಗೊತ್ತು?"

ಮಾವನ ಮಗಳು ಕೂಸನ್ನು ಎದೆಗೆ ಅವಚಿಕೊಂಡಳು. ನರ್ಸಮ್ಮ ಅದನ್ನು ಮತ್ತೆ ತೊಟ್ಟಿಲಲ್ಲಿ ಮಲಗಿಸಲು ಹೇಳಿ, ಬಳಿ ನಿಂತು ಎರಡು ಬಾರಿ ಚಪ್ಪಾಳೆ ತಟ್ಟಿದಳು, ಅಷ್ಟು ದಿನಗಳಲ್ಲಿ ಆ ಮನೆಯಲ್ಲಿ ಕೇಳಿದ ಮೊದಲ ಚಪ್ಪಾಳೆ. ಬೆಚ್ಚಿದವರು ನಾವು. ಹಾಲು ಕುಡಿದು ತೃಪ್ತಿಯಾಗಿದ್ದ ಕೂಸು ಕಣ್ಣು ತೆರೆಯಲಿಲ್ಲ. "ಹೊಟ್ಟಿ ತುಂಬಿ ಮಲಗಿದ ಕೂಸು, ಇದರಿಂದ ಏನೂ ಹೇಳಾಕ ಬರಂಗಿಲ್ರಿ. ಅವಸರಕ್ಕ ಹುಟ್ಟಿದ ಮಕ್ಕಳಿಗೆ ಒಮ್ಮೊಮ್ಮೆ ಕಿವಿ ತೊಂದ್ರಿ ಇರತಾವ. ಆಸ್ಪತ್ರಿ ಕಾಗದ ತರ್ರಿ, ನೋಡ್ತೀನಿ" ಎಂದಳು.

ಮಾವ ಬೀರುವಿನ ಕೀಲಿ ತೆಗೆಯಲು ಬಹಳ ಹೊತ್ತು ತೆಗೆದುಕೊಂಡ. ನರ್ಸಮ್ಮ ಕಾಗದ ಬಿಡಿಸಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. ಒಂದು ತಿಂಗಳ ನಂತರ ಕಿವಿಯ ಪರೀಕ್ಷೆ ತಪ್ಪದೆ ಮಾಡಿಸಬೇಕು ಎಂದು ಬರೆದಿತ್ತು. ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದರು. ಆಗಲೇ ಎರಡು ತಿಂಗಳು ದಾಟಿತ್ತು.

ನರ್ಸಮ್ಮ ಯಾರನ್ನೂ ಬೈಯಲಿಲ್ಲ. ಬಳ್ಳಾರಿಯ ಆಸ್ಪತ್ರೆಯಲ್ಲಿ ಗುರುವಾರ ಕಿವಿ ನೋಡುತ್ತಾರೆ, ಹೋಗಿಬನ್ನಿ ಎಂದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಗುರುವಾರಕ್ಕೆ ಇನ್ನೂ ಐದು ದಿನ. ಆ ಐದು ದಿನ ನಾವು ಹೆದರಿದ ಹಾಗೆ ಮಾವ ತನ್ನ ಇಡೀ ಆಯುಷ್ಯದಲ್ಲಿ ಹೆದರಿರಲಿಕ್ಕಿಲ್ಲ. ಕಂಪ್ಯೂಟರು ಮೊದಲ ದಿನ ಢಣ್ ಎಂದಾಗ ಕೂಸು ಬೆಚ್ಚಿತ್ತೇ? ನೆನಪು ಮಾಡಿಕೊಳ್ಳಲು ಎಲ್ಲರೂ ಹೆಣಗಿದೆವು. ಯಾರಿಗೂ ನೆನಪಿರಲಿಲ್ಲ. ಯಾಕೆಂದರೆ ಆವತ್ತು ನಾವೆಲ್ಲ ಮಾವನನ್ನು ನೋಡುತ್ತಿದ್ದೆವು. ಕೂಸನ್ನು ಯಾರೂ ನೋಡಿರಲಿಲ್ಲ!

ಮನೆಯಲ್ಲಿ ವಿಚಿತ್ರ ಕಳ್ಳತನಗಳು ಶುರುವಾದವು. ಅತ್ತೆ ಯಾರೂ ಇಲ್ಲದಾಗ ತೊಟ್ಟಿಲ ಬಳಿ ಸೌಟು ಬೀಳಿಸುತ್ತಿದ್ದಳು. ಮಗಳು ಬಳೆ ಅಲ್ಲಾಡಿಸಿ ಕೂಸಿನ ರೆಪ್ಪೆ ನೋಡುತ್ತಿದ್ದಳು. ನಾನು ಒಮ್ಮೆ ಕೆಮ್ಮಿದೆ, ಕೆಮ್ಮಿಲ್ಲದಿದ್ದರೂ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಕಂಡೂ ಕಾಣದಂತೆ ಇರುತ್ತಿದ್ದೆವು. ಒಮ್ಮೆ ಕೂಸು ಮುಖ ತಿರುಗಿಸಿದಂತೆ ಕಾಣುವುದು, ಇನ್ನೊಮ್ಮೆ ಏನೂ ಇಲ್ಲ. ಬೆರಳು ಕಂಡು ತಿರುಗಿತೋ, ಬಳೆ ಕೇಳಿ ತಿರುಗಿತೋ? ಹೇಳುವವರು ಯಾರು?

ಮಂಗಳವಾರ ಮಧ್ಯಾಹ್ನ ಮಾವ ಮುಂಗೋಣೆಗೆ ಬಂದ. ಮಗಳು ತಲೆಸ್ನಾನಕ್ಕೆ ಹೋಗಿದ್ದಳು. ಮೀಸೆಯ ಹುರಿ ಬಿಚ್ಚಿ ಬಾಯಿಯ ಮೇಲೆ ಇಳಿದಿತ್ತು.

"ಅವ್ವಾ, ಆ ಡಬ್ಬಿ ಒದರಸು."

"ಮಾವಾ, ನಾಡಿದ್ದು ಹೆಂಗೂ ಹೋಗ್ತೀವಲ್ಲ..."

"ನಾಡಿದ್ದಿನತನಕ ನಾ ಇರಬೇಕಲ್ಲ" ಎಂದ.

ಪೀಂ ಎನ್ನುವ ಬಿಲ್ಲೆ ಹೋಗಿತ್ತು. ಢಣ್ ಎನ್ನುವುದು ಉಳಿದಿತ್ತು. ನಾನು ವೈರು ಜೋಡಿಸಿದೆ. ಹತ್ತಿಯನ್ನು ಮಾವನೇ ತೆಗೆಯಲು ಕೂತ. ತಾನೇ ಕಡ್ಡಿಯಿಂದ ಒತ್ತಿದ್ದನ್ನು ಈಗ ತಾನೇ ಪಿನ್ನಿನಿಂದ ಎಳೆ ಎಳೆಯಾಗಿ ಬಿಡಿಸಿದ. ವಾಲ್ಯೂಮನ್ನು ಕೊನೆಯವರೆಗೆ ಏರಿಸಿ ಕಂಪ್ಯೂಟರನ್ನು ಒಮ್ಮೆ ಮಲಗಿಸಿದೆ. ಬಾಗಿಲು ತೆರೆದು, ನನಗೆ ಕೂತಲ್ಲಿಂದಲೇ ಕೂಸಿನ ಮುಖ ಕಾಣುವಂತೆ ತೊಟ್ಟಿಲನ್ನು ಸರಿಸಿಕೊಂಡೆವು. ಕೂಸು ಮಗ್ಗುಲಾಗಿ ಮಲಗಿತ್ತು.

"ನಾ ಗ್ವಾಡಿ ಕಡಿ ತಿರುಗ್ತೀನಿ" ಎಂದ ಮಾವ. "ನೀ ನೋಡಿ ಹೇಳು."

ಆರಡಿ ಆಳು ಗೋಡೆಗೆ ಮುಖ ಮಾಡಿ, ಶಿಕ್ಷೆಗೆ ನಿಂತ ಶಾಲೆಯ ಹುಡುಗನಂತೆ ನಿಂತುಕೊಂಡ. ನಾನು ಬಟನ್ ಒತ್ತಿದೆ. ಗೊರಗೊರ. ಗೊರಗೊರ. ಆ ಎರಡು ನಿಮಿಷ ಎಷ್ಟು ಉದ್ದವಿತ್ತೆಂದು ಈಗಲೂ ಹೇಳಲಾರೆ. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಢಣ್ ಢಢಾಣ್!

ಕಿಟಕಿಯ ಗಾಜು ಅದುರಿತು. ಹೊರಗೆ ಕರು ನೆಗೆಯಿತು. ಕೂಸಿನ ರೆಪ್ಪೆ ಅಲುಗಲಿಲ್ಲ.

"ನೋಡಿದ್ಯಾ?" ಗೋಡೆಯ ಕಡೆಯಿಂದ ದನಿ ಬಂತು.

"ಹ್ಞೂಂ."

"ಏನಾತು?"

"ಕಣ್ ಮಿಟುಕಿಸಿದಂಗಾತು ಮಾವಾ."

"ಮಿಟುಕಿಸಿದಂಗಾತೋ, ಮಿಟುಕಿಸ್ತೋ?"

ಮಾವ ಗೋಡೆಯಿಂದ ತಿರುಗಲಿಲ್ಲ. "ಇನ್ನೊಮ್ಮಿ ಹಚ್ಚು" ಎಂದ. ಇನ್ನೊಮ್ಮೆ ಹಚ್ಚಿದೆ. ಆಮೇಲೆ ಇನ್ನೊಮ್ಮೆ. ಮೂರನೆಯ ಬಾರಿ ಆದಮೇಲೆ ಅವನು ಗೋಡೆಗೆ ಹಣೆಯಿಟ್ಟು ನಿಂತ. ಅಲ್ಲಿ ವಿಭೂತಿಯ ಗುರುತು ಬಿತ್ತು. "ನಾನ ಆ ಕಾಗದ ಓದಲಿಲ್ಲ" ಎಂದ. ಪಿಸುಮಾತಿನಲ್ಲಿ ಅಲ್ಲ, ತನ್ನ ಹಳೆಯ, ಸಹಜ ದನಿಯಲ್ಲಿ.

ಗುರುವಾರ ಅಳಿಯ ಹಡಗಲಿಯಿಂದ ಜೀಪು ತಂದ. ಕೂಡ್ಲಿಗಿ ದಾಟಿ ಬಳ್ಳಾರಿ ಮುಟ್ಟಿದೆವು. ಕಿವಿಯ ಪರೀಕ್ಷೆ ಮಾಡುವ ಕೋಣೆ ಚಿಕ್ಕದು, ಗೋಡೆಗೆಲ್ಲ ಮೆತ್ತನೆಯ ಹಾಸು. ಒಬ್ಬ ಚಿಕ್ಕ ವಯಸ್ಸಿನ ಮೇಡಮ್ಮು ಕೂಸಿನ ಕಿವಿಗೆ ಸಣ್ಣ ನಳಿಗೆಯಂಥದನ್ನು ಸಿಕ್ಕಿಸಿ, ನಮಗೆಲ್ಲ ಸದ್ದು ಮಾಡಬೇಡಿ ಎಂದಳು. ಸದ್ದು ಮಾಡದಿರುವುದರಲ್ಲಿ ನಮ್ಮನ್ನು ಮೀರಿಸುವವರು ಯಾರಿದ್ದಾರೆ! ಮಾವನಂತೂ ಉಸಿರನ್ನೇ ಹಿಡಿದು ನಿಂತ. ಮುಖ ಕೆಂಪಾಗಿ, ನೀಲಿಯಾಗಿ, ಕೊನೆಗೆ ಮೇಡಮ್ಮು ತಲೆಯೆತ್ತಿ, "ಉಸಿರಾಡ್ರಿ ಅಜ್ಜಾರ, ಅದಕ್ಕ ಅಡ್ಡಿ ಇಲ್ಲ" ಎಂದಳು.

ಪರದೆಯ ಮೇಲೆ ಗೆರೆಗಳು ಓಡಿದವು. ಒಂದು ಕಿವಿ ಮುಗಿಸಿ ಇನ್ನೊಂದಕ್ಕೆ ಹೋದಳು. ಮತ್ತೆ ಮೊದಲನೆಯದಕ್ಕೆ ಬಂದಳು. ಇನ್ನೊಂದು ಯಂತ್ರ ತಂದಳು. ಆಮೇಲೆ ಕೇಳಿದಳು:

"ಕೂಸನ್ನ ಯಾವ ಮಗ್ಗಲಾಗ ಮಲಗಿಸ್ತೀರಿ?"

"ಬಲಕ್ರಿ" ಎಂದಳು ಮಾವನ ಮಗಳು. "ಹಂಗ ಮಲಗಿಸಿದ್ರ ಚಲೋ ನಿದ್ದಿ ಮಾಡ್ತಾಳ್ರಿ."

"ಮಾಡ್ತಾಳ. ಯಾಕಂದ್ರ ಕೇಳೋ ಕಿವಿ ಹಾಸಿಗ್ಯಾಗ ಮುಚ್ಚಿರತೈತಿ. ಬಲಗಿವಿ ಚಲೋ ಐತ್ರಿ, ಪೂರ್ತಿ ಕೇಳತೈತಿ. ಎಡಗಿವಿ ಕೇಳವಲ್ದು. ಒಂದ್ ಕಿವಿ ಇದ್ರ ಸಾಕು, ಮಾತು ಬರತಾವ, ಸಾಲಿ ಕಲೀತಾಳ. ಹೆದರಬ್ಯಾಡ್ರಿ."

ಮಾವನ ಮಗಳು ಅಳತೊಡಗಿದಳು. ಎಡಗಿವಿಗೋ, ಬಲಗಿವಿಗೋ, ಅವಳಿಗೇ ಗೊತ್ತಿರಲಿಲ್ಲ. ನಮಗೂ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೇಡಮ್ಮು ಒಂದು ಕಾಗದ ಬರೆದು ಚಾಚಿದಳು. ಅಳಿಯ ಕೈ ನೀಡುವ ಮೊದಲೇ ಮಾವ ಅದನ್ನು ತೆಗೆದುಕೊಂಡ. ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಂತು ಒಂದೊಂದೇ ಅಕ್ಷರ ಕೂಡಿಸಿ ಓದಿದ. ಇಂಗ್ಲಿಷಿನಲ್ಲಿದ್ದದ್ದನ್ನು ನನ್ನಿಂದ ಓದಿಸಿದ. ಮತ್ತೆ ಯಾವಾಗ ಬರಬೇಕು ಎಂಬ ಸಾಲನ್ನು ನಾಲ್ಕು ಬಾರಿ ಓದಿಸಿದ. ಊರಿಗೆ ಬಂದವನೇ ಬೀರುವನ್ನು ತೆರೆದು, ವರ್ಷಗಟ್ಟಲೆ ಒಳಗಿಟ್ಟಿದ್ದ ಲಕೋಟೆಗಳನ್ನೆಲ್ಲ ಹೊರಗೆ ಸುರಿದು, ಒಂದೊಂದಾಗಿ ಒಡೆದು ಓದಿದ. ಹೆದರುವಂಥದು ಅದರಲ್ಲಿ ಒಂದೂ ಇರಲಿಲ್ಲ. ಹೆಚ್ಚಿನವು ಮದುವೆಯ ಕರೆಯೋಲೆಗಳು. ಆ ಮದುವೆಗಳ ಮಕ್ಕಳು ಆಗಲೇ ಶಾಲೆಗೆ ಹೋಗುತ್ತಿದ್ದವು!

ಇದೆಲ್ಲ ನಡೆದು ಮೂರೂವರೆ ವರ್ಷವಾಯಿತು. ಕೂಸು ಈಗ ಹಡಗಲಿಯಲ್ಲಿ ತನ್ನ ಮನೆಯಲ್ಲಿದ್ದಾಳೆ. ಅಂಗನವಾಡಿಗೆ ಹೋಗುತ್ತಾಳೆ. ಮಾತೆಂದರೆ ಮಾತು, ಎದುರಿಗಿದ್ದವರಿಗೆ ಉಸಿರಾಡಲು ಬಿಡುವುದಿಲ್ಲ. ಎಡಗಿವಿ ಇನ್ನೂ ಕೇಳುವುದಿಲ್ಲ, ಕೇಳಲಿಕ್ಕೂ ಇಲ್ಲವಂತೆ. ಮಾವ ಪ್ರತಿ ಸೋಮವಾರ ಮೊದಲ ಬಸ್ಸಿಗೆ ಹಡಗಲಿಗೆ ಹೋಗುತ್ತಾನೆ. ಹುಣಸೆಹಣ್ಣಿನ ಕೆಲಸ ಎನ್ನುತ್ತಾನೆ. ಹುಣಸೆ ಹೂ ಬಿಡುವ ಕಾಲದಲ್ಲೂ ಅದೇ ಕೆಲಸ!

ಹೋದ ತಿಂಗಳು ನಾನೂ ಜೊತೆಗೆ ಹೋಗಿದ್ದೆ. ಬೆಳಿಗ್ಗೆ ಮೊಮ್ಮಗಳನ್ನು ಅಂಗನವಾಡಿಗೆ ಬಿಡಲು ಮಾವ ಹೊರಟ. ನಾನು ಹತ್ತು ಹೆಜ್ಜೆ ಹಿಂದೆ ನಡೆಯುತ್ತಿದ್ದೆ. ರಸ್ತೆಯಲ್ಲಿ ಟ್ರ್ಯಾಕ್ಟರು, ಮೋಟಾರ್ ಬೈಕು, ಹೂವಿನ ಬುಟ್ಟಿ ತುಂಬಿದ ಆಟೋಗಳು. ಮಾವ ಅವಳ ಎಡಕ್ಕೆ ನಡೆಯುತ್ತಿದ್ದ, ಆ ಬದಿಯಿಂದ ಬರುವುದು ಅವಳಿಗೆ ಕೇಳಿಸುವುದಿಲ್ಲವಲ್ಲ, ಅದಕ್ಕೆ. ಆದರೆ ಅವಳಿಗೆ ಏನಾದರೂ ಹೇಳಬೇಕೆಂದರೆ ಅಲ್ಲಿಂದ ಹೇಳಿ ಉಪಯೋಗವಿಲ್ಲ. ಹಾಗಾಗಿ ಅವಳ ಹಿಂದಿನಿಂದ ಸುತ್ತಿಕೊಂಡು ಬಲಕ್ಕೆ ಬರುತ್ತಿದ್ದ. ಬಾಗಿ ಒಂದು ಮಾತು ಹೇಳುತ್ತಿದ್ದ. ಅವಳು ಕಿಲಕಿಲ ನಗುತ್ತಿದ್ದಳು. ತಕ್ಷಣ ಮತ್ತೆ ಎಡಕ್ಕೆ ಓಡುತ್ತಿದ್ದ. ಇನ್ನೊಂದು ಮಾತು ನೆನಪಾದರೆ ಮತ್ತೆ ಬಲಕ್ಕೆ. ಅರವತ್ತು ದಾಟಿದ ಆ ದೊಡ್ಡ ಆಳು, ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು, ಮನೆಯಿಂದ ಅಂಗನವಾಡಿಯವರೆಗೂ ಆ ಪುಟ್ಟ ಹುಡುಗಿಯನ್ನು ಸುತ್ತುತ್ತಲೇ ಹೋದ.